ಬಿಸಿನೀರಿನ ಪೈಪಿಗೆ ಸುತ್ತಿದ್ದೆಲ್ಲ ಕಲ್ನಾರೇ? ಹಳೆಯ ಹೊದಿಕೆ ಕೀಳುವ ಮುನ್ನ ಇದನ್ನು ಓದಿ

ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಹರಿದಾಡುತ್ತಿದೆ. ಯಾವುದೋ ವಿದೇಶದ ಹಳೆಯ ಮನೆಯ ನೆಲಮಾಳಿಗೆ. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ಹಾಕಿ, ಮುಖಕ್ಕೆ ದಪ್ಪ ಮಾಸ್ಕ್ ತೊಟ್ಟ ಇಬ್ಬರು ಪೈಪಿನ ಮೇಲಿನ ಬಿಳಿ ಹೊದಿಕೆಯನ್ನು ಕತ್ತರಿಸಿ ಚೀಲಕ್ಕೆ ತುಂಬುತ್ತಿದ್ದಾರೆ. ಮಾತೆಲ್ಲ ಇಂಗ್ಲಿಷ್‌ನಲ್ಲಿದೆ. ಕೆಳಗೆ ಯಾರೋ ಕನ್ನಡದಲ್ಲಿ ಸೇರಿಸಿದ್ದಾರೆ: 'ನಿಮ್ಮ ಮನೆಯ ಬಿಸಿನೀರಿನ ಪೈಪಿನ ಮೇಲೂ ಇದೇ ಕ್ಯಾನ್ಸರ್ ಹೊದಿಕೆ ಇದೆ. ಬೆಂಕಿಕಡ್ಡಿ ಗೀರಿ ನೋಡಿ, ಹತ್ತಿಕೊಳ್ಳದಿದ್ದರೆ ಅದು ಕಲ್ನಾರು. ಇಂದೇ ಕಿತ್ತು ಬಿಸಾಡಿ. ಎಲ್ಲ ಗುಂಪುಗಳಿಗೂ ಕಳಿಸಿ.'

ಓದುಗರು ಇದನ್ನು ನಮಗೆ ಕಳಿಸಿ 'ಇದು ನಿಜವೇ?' ಎಂದು ಕೇಳಿದ್ದಾರೆ. ವಿಡಿಯೋದಲ್ಲಿ ತೋರಿಸಿದ ಅಪಾಯ ನಿಜ. ಆದರೆ ಕೆಳಗಿನ ಕನ್ನಡ ಸಾಲುಗಳನ್ನು ನಂಬಿ ಹೊರಟರೆ, ಅಪಾಯವೇ ಇಲ್ಲದ ಕಡೆ ಹೆದರುತ್ತೇವೆ, ಅಪಾಯ ಇರುವ ಕಡೆ ನಾವೇ ಕೈಯಾರೆ ಅದನ್ನು ಹೆಚ್ಚಿಸಿಕೊಳ್ಳುತ್ತೇವೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ತಾರಸಿಯ ಮೇಲಿನ ಕಪ್ಪು ಹೊದಿಕೆ

ಬೆಂಗಳೂರು, ಮೈಸೂರು, ಶಿವಮೊಗ್ಗ, ಹೀಗೆ ಯಾವ ಊರಿನ ಬಡಾವಣೆಯಲ್ಲಿ ತಾರಸಿ ಹತ್ತಿ ನಿಂತರೂ ನಾಲ್ಕು ಸೋಲಾರ್ ವಾಟರ್ ಹೀಟರ್ ಕಣ್ಣಿಗೆ ಬೀಳುತ್ತವೆ. ಅದರ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಕಪ್ಪು ಸ್ಪಂಜಿನಂಥ ಕೊಳವೆ ತೊಡಿಸಿರುತ್ತಾರೆ. ಸಾಮಾನ್ಯವಾಗಿ ಅದು ನೈಟ್ರೈಲ್ ರಬ್ಬರಿನ ಫೋಮ್. ಖರ್ಚು ಉಳಿಸಿದವರ ಮನೆಯಲ್ಲಿ ಬಿಳಿ ಅಥವಾ ಬೂದು ಬಣ್ಣದ ಪಾಲಿಥಿಲೀನ್ ಫೋಮ್ ಇರಬಹುದು. ಎರಡರಲ್ಲೂ ಕಲ್ನಾರು ಇಲ್ಲ. ಒಳಗಿರುವ ಲೆಕ್ಕವಿಲ್ಲದಷ್ಟು ಪುಟ್ಟ ಗಾಳಿಗುಳ್ಳೆಗಳೇ ಇವುಗಳ ಬಂಡವಾಳ. ಕದಲದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಉಣ್ಣೆಯ ಸ್ವೆಟರ್ ನಮ್ಮನ್ನು ಬೆಚ್ಚಗಿಡುವುದೂ ಹೀಗೆಯೇ.

ಈ ಫೋಮಿಗೆ ಶತ್ರು ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳು ಬಿದ್ದೂ ಬಿದ್ದೂ ರಬ್ಬರು ಗಟ್ಟಿಯಾಗಿ, ಬಿರುಕು ಬಿಟ್ಟು, ಮುಟ್ಟಿದರೆ ಉದುರುವ ಹಂತಕ್ಕೆ ಬರುತ್ತದೆ. ಕೈಗೆ ಅಂಟುವ ಕಪ್ಪು ಪುಡಿ ಹಾಳಾದ ರಬ್ಬರು. ಅದನ್ನು ತೆಗೆಯಬೇಕಾದ ಕಾರಣವೇ ಬೇರೆ. ಬಿರುಕಿನಲ್ಲಿ ಮಳೆನೀರು ಇಳಿದು ಒಳಗೇ ನಿಲ್ಲುತ್ತದೆ. ಪೈಪು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ್ದಾದರೆ, ಒದ್ದೆ ಹೊದಿಕೆಯ ಕೆಳಗೆ ಯಾರ ಕಣ್ಣಿಗೂ ಬೀಳದೆ ತುಕ್ಕು ಹಿಡಿಯುತ್ತದೆ. ಗೊತ್ತಾಗುವುದು ಪೈಪು ತೂತಾದ ದಿನವೇ.

ಇದನ್ನು ತೆಗೆಯುವುದು ಮನೆಯವರೇ ಮಾಡಬಹುದಾದ ಕೆಲಸ. ಮಧ್ಯಾಹ್ನ ಮಾತ್ರ ಬೇಡ. ಬಿಸಿಲಿನ ದಿನ ಟ್ಯಾಂಕಿನ ನೀರು 60 ಡಿಗ್ರಿ ದಾಟುತ್ತದೆ, ಪೈಪು ಕೈ ಸುಡುತ್ತದೆ. ಬೆಳಿಗ್ಗೆ, ಬಿಸಿನೀರಿನ ವಾಲ್ವ್ ಮುಚ್ಚಿ, ಪೈಪು ತಣ್ಣಗಾದ ಮೇಲೆ ಹೊದಿಕೆಯನ್ನು ಉದ್ದಕ್ಕೆ ಸೀಳಿ ಬಿಡಿಸಿ. ಬ್ಲೇಡು ಪೈಪಿಗೆ ಒತ್ತಬಾರದು, ಅದರಲ್ಲೂ ಸಿಪಿವಿಸಿ ಪೈಪಿಗೆ. ಉಳಿದ ಅಂಟನ್ನು ತೆಗೆಯಲು ಥಿನ್ನರ್, ಪೆಟ್ರೋಲ್ ಹಚ್ಚುವವರನ್ನು ನೋಡಿದ್ದೇವೆ. ಸಿಪಿವಿಸಿಗೆ ಇಂಥ ದ್ರಾವಕಗಳು ಆಗಿಬರುವುದಿಲ್ಲ, ಪ್ಲಾಸ್ಟಿಕ್ ದುರ್ಬಲವಾಗಿ ಬಿರುಕು ಬಿಡಬಹುದು. ಸೋಪಿನ ನೀರು, ಒರಟು ಬಟ್ಟೆ ಸಾಕು. ಜಿಐ ಪೈಪಾದರೆ ವೈರ್ ಬ್ರಷ್‌ನಿಂದ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಹೊಸ ಹೊದಿಕೆ ಹಾಕಿ.

ಹೊಸದನ್ನು ತರುವಾಗ ಅಂಗಡಿಯಲ್ಲಿ 'ಮುಕ್ಕಾಲು ಇಂಚು' ಎಂದಷ್ಟೇ ಹೇಳಿದರೆ ಸಾಲದು. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನ ಹೊರಸುತ್ತಿನ ಅಡ್ಡಳತೆ ಸುಮಾರು 22 ಮಿಲಿಮೀಟರ್, ಅದೇ ಮುಕ್ಕಾಲು ಇಂಚಿನ ಜಿಐ ಪೈಪಿನದು ಸುಮಾರು 27. ಕಳಚಿದ ಹಳೆಯ ತುಂಡೊಂದನ್ನು ಕೈಯಲ್ಲಿ ಹಿಡಿದುಕೊಂಡು ಹೋದರೆ ವಾದವೇ ಇಲ್ಲ. ಹಾಕಿದ ಮೇಲೆ ಬಿಸಿಲಿಗೆ ಅಡ್ಡವಾಗಿ ಅಲ್ಯೂಮಿನಿಯಂ ಟೇಪ್ ಸುತ್ತಿಸಿ, ಇಲ್ಲದಿದ್ದರೆ ಕೆಲವೇ ವರ್ಷಕ್ಕೆ ಮತ್ತೆ ಅದೇ ಕಥೆ.

ಪ್ರಾಸಂಗಿಕವಾಗಿ ಒಂದು ಮಾತು. 'ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ತಣ್ಣೀರು ಬರುತ್ತದೆ, ಇನ್ಸುಲೇಶನ್ ಹಾಳಾಗಿದೆ' ಎಂದು ಹೊದಿಕೆ ಬದಲಾಯಿಸಲು ಹೊರಡುವವರಿದ್ದಾರೆ. ಒಳಗಿನ ಅಡ್ಡಳತೆ 20 ಮಿಲಿಮೀಟರ್ ಇರುವ ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು 300 ಮಿಲಿಲೀಟರ್ ನೀರು ನಿಂತಿರುತ್ತದೆ. ಹತ್ತು ಮೀಟರ್ ಪೈಪೆಂದರೆ ಮೂರು ಲೀಟರ್. ಆ ಮೂರು ಲೀಟರ್ ರಾತ್ರಿಯಿಡೀ ನಿಂತು ತಣ್ಣಗಾಗುತ್ತದೆ, ಎಷ್ಟೇ ಒಳ್ಳೆಯ ಫೋಮ್ ಹಾಕಿದರೂ. ಹೊದಿಕೆ ಶಾಖದ ನಷ್ಟವನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಆ ತಣ್ಣೀರನ್ನು ಬಕೆಟ್ಟಿಗೆ ಹಿಡಿದಿಟ್ಟುಕೊಳ್ಳಿ.

ಬೆಂಕಿಕಡ್ಡಿ ಪರೀಕ್ಷೆ ಯಾಕೆ ತಪ್ಪು?

ಕಲ್ನಾರು ಉರಿಯುವುದಿಲ್ಲ ಎಂಬುದು ಸರಿ. ಹಾಗೆಂದು ಉರಿಯದ್ದೆಲ್ಲ ಕಲ್ನಾರಲ್ಲ. ಗಾಜಿನ ಉಣ್ಣೆ, ಅಂದರೆ ಗ್ಲಾಸ್ ವೂಲ್, ಬೆಂಕಿ ಹಿಡಿಯುವುದಿಲ್ಲ. ರಾಕ್ ವೂಲ್ ಹಿಡಿಯುವುದಿಲ್ಲ. ಸೆರಾಮಿಕ್ ಎಳೆಯ ಹಗ್ಗವೂ ಹಿಡಿಯುವುದಿಲ್ಲ, ನೋಡಲು ಅದು ಕಲ್ನಾರಿನ ಹಗ್ಗದ ಹಾಗೇ ಇರುತ್ತದೆ. ಇನ್ನೊಂದು ಕಡೆಯಿಂದಲೂ ಪರೀಕ್ಷೆ ಕೈಕೊಡುತ್ತದೆ. ಕಲ್ನಾರಿನ ಜೊತೆ ಕಾಗದ, ಹತ್ತಿ ಬೆರೆಸಿದ ಹೊದಿಕೆಗಳು ಇದ್ದವು. ಅವು ಸ್ವಲ್ಪ ಹತ್ತಿಕೊಂಡರೆ 'ಕಲ್ನಾರಲ್ಲ, ಬಿಡು' ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ಇನ್ನು ಕಪ್ಪು ಫೋಮಿಗೆ ಕಡ್ಡಿ ಗೀರಿದರೆ? ನೈಟ್ರೈಲ್ ರಬ್ಬರಿನಲ್ಲೂ ಸೋಲಾರ್ ಟ್ಯಾಂಕಿನ ಪಾಲಿಯುರೆಥೇನ್ ಫೋಮಿನಲ್ಲೂ ನೈಟ್ರೋಜನ್ ಇದೆ. ಇವು ಸುಡುವಾಗ ಬರುವ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರಬಹುದು. ಇಲ್ಲದ ವಿಷವನ್ನು ಹುಡುಕಲು ಹೋಗಿ ನಿಜವಾದ ವಿಷ ಕುಡಿದಂತೆ. ಕಿತ್ತ ಫೋಮನ್ನು ಖಾಲಿ ಸೈಟಿನಲ್ಲಿ ರಾಶಿ ಹಾಕಿ ಸುಡುವುದೂ ಅಷ್ಟೇ ಕೆಟ್ಟದ್ದು.

ಕಲ್ನಾರು ಹೌದೋ ಅಲ್ಲವೋ ಎಂದು ಕಣ್ಣಿನಿಂದ, ಮೂಗಿನಿಂದ, ಬೆಂಕಿಯಿಂದ ಹೇಳಲಾಗದು. ಅದಕ್ಕೆ ವಿಶೇಷ ಸೂಕ್ಷ್ಮದರ್ಶಕ ಬೇಕು. ಎನ್‌ಎಬಿಎಲ್ ಮಾನ್ಯತೆ ಪಡೆದ ಕೆಲವು ಲ್ಯಾಬ್‌ಗಳು ಈ ಪರೀಕ್ಷೆ ಮಾಡುತ್ತವೆ.

ಹಳದಿ ಹತ್ತಿಯಂತೆ ಕಂಡು, ಮುಟ್ಟಿದರೆ ತುರಿಕೆ ಬರಿಸುವ ಗ್ಲಾಸ್ ವೂಲ್ ಬಗ್ಗೆಯೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಐಎಆರ್‌ಸಿ, ಕಲ್ನಾರನ್ನು ಕ್ಯಾನ್ಸರ್ ತರುವುದು ಖಚಿತವಾಗಿರುವ 1ನೇ ಗುಂಪಿನಲ್ಲಿ ಇಟ್ಟಿದೆ. ಇನ್ಸುಲೇಶನ್‌ಗೆ ಬಳಸುವ ಗ್ಲಾಸ್ ವೂಲ್ ಇರುವುದು 3ನೇ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವರ್ಗೀಕರಿಸಲು ಸಾಕ್ಷ್ಯ ಸಾಲದು ಎಂಬ ಗುಂಪು. ತುಂಬು ತೋಳಿನ ಅಂಗಿ, ಕೈಗವಸು, ಕನ್ನಡಕ, ಮಾಸ್ಕ್ ಹಾಕಿ, ಸ್ವಲ್ಪ ನೀರು ಚಿಮುಕಿಸಿ ತೆಗೆದರೆ ಸಾಕು.

ಹಾಗಾದರೆ ನಮ್ಮ ಮನೆಗಳಲ್ಲಿ ಕಲ್ನಾರು ಇಲ್ಲವೇ ಇಲ್ಲವೇ?

ಇದೆ. ಫಾರ್ವರ್ಡ್ ತೋರಿಸಿದ ಜಾಗದಲ್ಲಿ ಅಲ್ಲ, ಗೋಡೆಯೊಳಗೆ.

ಪ್ಲಾಸ್ಟಿಕ್ ಪೈಪುಗಳು ಬರುವ ಮುನ್ನ ಬಿಸಿನೀರಿಗೆ ಜಿಐ ಪೈಪು ಹಾಕುತ್ತಿದ್ದರು. ಗೋಡೆಯಲ್ಲಿ ಕಾಡಿ ತೋಡಿ ಪೈಪು ಕೂರಿಸುವಾಗ, ಶಾಖ ಗೋಡೆಗೆ ಹೋಗದಿರಲೆಂದು ಅದರ ಸುತ್ತ ಕಲ್ನಾರಿನ ಹಗ್ಗ ಸುತ್ತಿ ಮೇಲೆ ಗಾರೆ ಮಾಡುವ ರೂಢಿ ಇತ್ತು. ಎಲ್ಲ ಮನೆಗಳಲ್ಲೂ ಮಾಡಿದ್ದಾರೆಂದಲ್ಲ. ಅನುಕೂಲಸ್ಥರ ಮನೆ, ಹೋಟೆಲು, ಅತಿಥಿಗೃಹ, ಹಳೆಯ ಕ್ವಾರ್ಟರ್ಸ್‌ಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಕಾರ್ಖಾನೆ, ಆಸ್ಪತ್ರೆ, ಹಾಸ್ಟೆಲುಗಳ ಹಳೆಯ ಬಾಯ್ಲರ್ ಮತ್ತು ಹಬೆ ಪೈಪುಗಳ ಮೇಲಿನ ಬಿಳಿ ಗಾರೆಯಂಥ ಹೊದಿಕೆಯ ಬಗ್ಗೆಯೂ ಇದೇ ಎಚ್ಚರ ಬೇಕು.

ನಮ್ಮ ತಂಡದ ಒಬ್ಬರ ತಾಯಿಯ ಮನೆ ಮೈಸೂರಿನಲ್ಲಿದೆ, ಎಂಬತ್ತರ ದಶಕದಲ್ಲಿ ಕಟ್ಟಿದ್ದು. ಕಳೆದ ಬೇಸಿಗೆಯಲ್ಲಿ ಬಚ್ಚಲುಮನೆ ಹೊಸದಾಗಿ ಮಾಡಿಸಿದರು. ಗೋಡೆ ಒಡೆದಾಗ ಪೈಪಿನ ಜೊತೆ ಬೂದು ಬಣ್ಣದ, ನಾರುನಾರಾದ ಹಗ್ಗ ಬಂತು. ಸಹಾಯಕ್ಕೆ ಬಂದಿದ್ದ ಹುಡುಗ ಅದನ್ನು ಎಳೆದೆಳೆದು ಬಿಡಿಸಿ, ಒದರಿ, ಬುಟ್ಟಿಗೆ ಹಾಕಿದ. ಮೂಗಿಗೆ ಟವೆಲ್ ಕೂಡ ಇರಲಿಲ್ಲ. ಇದೇನೆಂದು ಕೇಳಿದ್ದಕ್ಕೆ ಪ್ಲಂಬರ್, 'ಏನಿಲ್ಲ ಮೇಡಂ, ಹಳೇ ಕಾಲದ ಹಗ್ಗ, ಈಗ ಇದೆಲ್ಲ ಯಾರು ಹಾಕ್ತಾರೆ' ಎಂದರು. ನಮ್ಮವರಿಗೆ ಅನುಮಾನ ಹುಟ್ಟಿ ವಾಪಸ್ ಬಂದು ನೋಡುವಷ್ಟರಲ್ಲಿ ಹಗ್ಗ ಇಟ್ಟಿಗೆ ಚೂರಿನ ಜೊತೆ ಟ್ರ್ಯಾಕ್ಟರ್ ಹತ್ತಿ ಹೋಗಿತ್ತು. ಅದು ಕಲ್ನಾರೋ ಬೇರೇನೋ, ಇನ್ನು ತಿಳಿಯುವ ದಾರಿ ಇಲ್ಲ. ಆ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತು ವರ್ಷ. ಇಂಥ ಎಷ್ಟು ಬಚ್ಚಲುಮನೆಗಳನ್ನು ಅವನು ವರ್ಷಕ್ಕೆ ಒಡೆಯುತ್ತಾನೋ!

ಈ ಲೇಖನ ಬರೆಯಲು ವಿಡಿಯೋಗಿಂತ ಹೆಚ್ಚಾಗಿ ಕಾರಣವಾದದ್ದು ಇದು.

ಆ ನಾರು ದೇಹದೊಳಗೆ ಏನು ಮಾಡುತ್ತದೆ?

ಹೆಸರೇ ಹೇಳುವಂತೆ ಇದು ಕಲ್ಲಿನ ನಾರು, ನೆಲದಲ್ಲಿ ಸಿಗುವ ಖನಿಜ. ಎಳೆ ಎಳೆಯಾಗಿ ಸೀಳುವುದು ಇದರ ಗುಣ. ಸೀಳಿ ಸೀಳಿ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಗಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಉಸಿರಿನೊಂದಿಗೆ ಒಳಹೋದ ಸಾಮಾನ್ಯ ಧೂಳನ್ನು ಶ್ವಾಸಕೋಶದ ರಕ್ಷಕ ಕೋಶಗಳು ನುಂಗಿ ವಿಲೇವಾರಿ ಮಾಡುತ್ತವೆ. ಉದ್ದನೆಯ ಕಲ್ನಾರಿನ ಎಳೆಯನ್ನು ನುಂಗಲು ಹೋದ ಕೋಶಕ್ಕೆ ಅದು ಪೂರ್ತಿ ಬಾಯಿಗೆ ಹಿಡಿಸುವುದಿಲ್ಲ. ಕೋಶ ಸಾಯುತ್ತದೆ, ಎಳೆ ಉಳಿಯುತ್ತದೆ, ಸುತ್ತ ಉರಿಯೂತ ಮುಂದುವರಿಯುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೆಲಿಯೋಮಾ ಎಂಬ ಕ್ಯಾನ್ಸರ್ ಬರಬಹುದು. ಧೂಳು ಕುಡಿದ ದಿನಕ್ಕೂ ಕಾಯಿಲೆ ಕಾಣುವ ದಿನಕ್ಕೂ ನಡುವೆ ಸಾಮಾನ್ಯವಾಗಿ 20ರಿಂದ 40 ವರ್ಷದ ಅಂತರ. ಆ ಹೊತ್ತಿಗೆ ಗೋಡೆ ಒಡೆದದ್ದು ಯಾರಿಗೆ ನೆನಪಿರುತ್ತದೆ?

ಇದನ್ನು ಜಗತ್ತಿಗೆ ತಿಳಿಸಿದವರಲ್ಲಿ ಪೈಪಿಗೆ ಹೊದಿಕೆ ಸುತ್ತುವ ಕಾರ್ಮಿಕರೇ ಮುಖ್ಯರು ಎಂಬುದು ಅನೇಕರಿಗೆ ಗೊತ್ತಿಲ್ಲ. ಅಮೆರಿಕದ ವೈದ್ಯ ಇರ್ವಿಂಗ್ ಸೆಲಿಕಾಫ್ ಮತ್ತು ಸಂಗಡಿಗರು ನ್ಯೂಯಾರ್ಕ್, ನ್ಯೂಜೆರ್ಸಿ ಭಾಗದ 632 ಇನ್ಸುಲೇಶನ್ ಕಾರ್ಮಿಕರ ದಾಖಲೆಗಳನ್ನು ಹಿಡಿದು 1964ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1943ರಿಂದ 1962ರ ನಡುವೆ ಅವರಲ್ಲಿ 255 ಮಂದಿ ತೀರಿಕೊಂಡಿದ್ದರು. ಸಾಮಾನ್ಯ ಲೆಕ್ಕದಲ್ಲಿ ಶ್ವಾಸಕೋಶ ಮತ್ತು ಅದರ ಪೊರೆಯ ಕ್ಯಾನ್ಸರಿನಿಂದ ಆರೇಳು ಮಂದಿ ಸಾಯಬೇಕಿದ್ದ ಕಡೆ 45 ಮಂದಿ ಸತ್ತಿದ್ದರು. ಅವರು ಕಾರ್ಖಾನೆಯಲ್ಲಿ ಕಲ್ನಾರು ಅರೆದವರಲ್ಲ, ಕಟ್ಟಡಗಳಲ್ಲಿ ಪೈಪು, ಬಾಯ್ಲರುಗಳಿಗೆ ಹೊದಿಕೆ ಹಾಕಿದವರು. ಮರುವರ್ಷ ಲಂಡನ್ನಿನಿಂದ ಬಂದ ಅಧ್ಯಯನವೊಂದು ಮೀಸೋಥೆಲಿಯೋಮಾ ರೋಗಿಗಳಲ್ಲಿ ಕೆಲವರು ಕಲ್ನಾರಿನ ಕೆಲಸವನ್ನೇ ಮಾಡಿರಲಿಲ್ಲ ಎಂದು ತೋರಿಸಿತು. ಗಂಡನ ಕೆಲಸದ ಬಟ್ಟೆ ಒಗೆದ ಹೆಂಡತಿಯರು ಅವರಲ್ಲಿದ್ದರು.

ಹಾಗೆಂದು ಒಮ್ಮೆ ಆ ಧೂಳು ಮೂಗಿಗೆ ಹೋದವರೆಲ್ಲ ರಾತ್ರಿ ನಿದ್ದೆಗೆಡಬೇಕಿಲ್ಲ. ಎಷ್ಟು ಧೂಳು, ಎಷ್ಟು ಕಾಲ ಎಂಬುದರ ಮೇಲೆ ಅಪಾಯ ಏರುತ್ತದೆ. ಇಷ್ಟಾದರೆ ಸುರಕ್ಷಿತ ಎಂಬ ಗೆರೆ ಇಲ್ಲ, ನಿಜ. ಆದರೂ ಒಂದು ದಿನದ ಸಂಪರ್ಕದಿಂದ ಕಾಯಿಲೆ ಬರುವ ಸಂಭವ ತೀರಾ ಕಡಿಮೆ. ದಿನವೂ ಅದೇ ಕೆಲಸ ಮಾಡುವ ಗಾರೆಯವರು, ಪ್ಲಂಬರುಗಳು, ಕಟ್ಟಡ ಕೆಡವುವವರ ಲೆಕ್ಕ ಬೇರೆ. ಅವರು ಬೀಡಿ, ಸಿಗರೇಟು ಸೇದುವವರಾದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಎಷ್ಟೋ ಪಟ್ಟು ಹೆಚ್ಚು.

ಭಾರತದಲ್ಲಿ ಬಿಳಿ ಕಲ್ನಾರಿನ ಬಳಕೆಗೆ ಇಂದಿಗೂ ಸಂಪೂರ್ಣ ನಿಷೇಧವಿಲ್ಲ. ವಿದೇಶದಿಂದ ಆಮದಾಗಿ ಮುಖ್ಯವಾಗಿ ಛಾವಣಿಯ ಸಿಮೆಂಟ್ ಶೀಟುಗಳಿಗೆ ಸೇರುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಉದ್ಯಮದ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಹೇಳಿತು. ಬಚ್ಚಲುಮನೆ ಒಡೆಯುವ ಹುಡುಗನ ದಾಖಲೆ ಇಡುವವರು ಯಾರೂ ಇಲ್ಲ.

ವಿದೇಶದಲ್ಲಿ ಮಕ್ಕಳಿರುವವರಿಗೆ

ವಿಡಿಯೋ ನಿಜಕ್ಕೂ ಅನ್ವಯಿಸುವುದು ಇವರಿಗೆ. ಅಮೆರಿಕ, ಕೆನಡಾ, ಬ್ರಿಟನ್‌ಗಳ ಹಳೆಯ ಮನೆಗಳಲ್ಲಿ ಕೋಣೆ ಬೆಚ್ಚಗಿಡಲು ಹಬೆ ಅಥವಾ ಬಿಸಿನೀರು ಹರಿಯುವ ಪೈಪುಗಳಿರುತ್ತವೆ. ಅವುಗಳ ಮೇಲೆ ಬಿಳಿ ಬಟ್ಟೆ ಸುತ್ತಿ, ಒಳಗೆ ಪದರಪದರವಾದ ರಟ್ಟಿನಂತೆ ಕಾಣುವ ಹೊದಿಕೆ, ಪೈಪು ತಿರುಗುವ ಮೂಲೆಗಳಲ್ಲಿ ಗಾರೆಯಂಥ ಮೆತ್ತನೆಯ ಲೇಪ ಇದ್ದರೆ ಕಲ್ನಾರೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ಅಮೆರಿಕದಲ್ಲಿ ಪೈಪುಗಳಿಗೆ ಉದುರುವಂಥ ಕಲ್ನಾರಿನ ಹೊದಿಕೆ ಹಾಕುವುದನ್ನು ನಿರ್ಬಂಧಿಸಿದ್ದು 1975ರಲ್ಲಿ. ಬ್ರಿಟನ್ ಕಂದು ಮತ್ತು ನೀಲಿ ಕಲ್ನಾರನ್ನು 1985ರಲ್ಲಿ, ಬಿಳಿಯದನ್ನು 1999ರಲ್ಲಿ ನಿಷೇಧಿಸಿತು. ಕೆನಡಾ ನಿಷೇಧಿಸಿದ್ದು 2018ರಲ್ಲಿ. ಅದಕ್ಕೆ ಮೊದಲು ಹಾಕಿದ್ದು ಹಾಕಿದಲ್ಲೇ ಇದೆ.

ಅಲ್ಲಿನ ಸರ್ಕಾರಿ ಸಂಸ್ಥೆಗಳ ಸಲಹೆ ಫಾರ್ವರ್ಡಿಗೆ ತದ್ವಿರುದ್ಧ. ಹೊದಿಕೆ ಹರಿಯದೆ ಗಟ್ಟಿಯಾಗಿದ್ದರೆ ಮುಟ್ಟಬೇಡಿ, ಆಗಾಗ ನೋಡುತ್ತಿರಿ. ಹರಿದಿದ್ದರೆ ತರಬೇತಿ ಪಡೆದವರನ್ನು ಕರೆಸಿ. ಬ್ರಿಟನ್‌ನಲ್ಲಿ ಪೈಪಿನ ಕಲ್ನಾರು ಹೊದಿಕೆ ತೆಗೆಯುವ ಕೆಲಸಕ್ಕೆ ಸಾಮಾನ್ಯವಾಗಿ ಪರವಾನಗಿ ಇರುವ ಗುತ್ತಿಗೆದಾರರೇ ಬೇಕು. ವಿಡಿಯೋದಲ್ಲಿದ್ದವರು ಅಂಥವರೇ ಇರಬೇಕು. ಅವರ ಬಿಳಿ ಉಡುಪು ಭಯ ಹುಟ್ಟಿಸಲು ಹಾಕಿದ್ದಲ್ಲ, ಧೂಳು ಮನೆಗೆ ಹೋಗದಿರಲೆಂದು ಹಾಕಿದ್ದು.

ಆರು ತಿಂಗಳಿಗೆಂದು ಮಗಳ ಮನೆಗೆ ಹೋದ ಅಪ್ಪ, ಅಮ್ಮ ಕೈಕಟ್ಟಿ ಕೂರುವವರಲ್ಲ. ಒಂದು ದಿನ ಬೇಸ್‌ಮೆಂಟಿಗೆ ಇಳಿದು 'ಎಷ್ಟು ಧೂಳು ಕಟ್ಟಿದೆ ನೋಡು' ಎಂದು ಪೊರಕೆ ಹಿಡಿಯುತ್ತಾರೆ, ಇಲ್ಲವೇ ವ್ಯಾಕ್ಯೂಮ್ ಕ್ಲೀನರ್ ಹಚ್ಚುತ್ತಾರೆ. ಹಳೆಯ ಪೈಪಿನ ಕೆಳಗೆ ಬಿದ್ದ ಬಿಳಿ ಚೂರುಗಳನ್ನು ಹಾಗೆ ಗುಡಿಸಬಾರದು. ಸಾಧಾರಣ ವ್ಯಾಕ್ಯೂಮ್ ಕ್ಲೀನರ್ ಆ ಸೂಕ್ಷ್ಮ ಎಳೆಗಳನ್ನು ಹಿಡಿದಿಡದೆ ಹಿಂದಿನಿಂದ ಮನೆಯ ತುಂಬ ಊದುತ್ತದೆ. ಮೊದಲೇ ಒಂದು ಮಾತು ಹೇಳಿಡಿ.

ಗೋಡೆ ಒಡೆಯುವಾಗ ಹಗ್ಗ ಕಂಡರೆ

ಕೆಲಸ ಅಲ್ಲಿಗೇ ನಿಲ್ಲಿಸಿ. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಮಕ್ಕಳನ್ನು ದೂರ ಕಳಿಸಿ. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹಗ್ಗವನ್ನೂ ಬಿದ್ದ ಧೂಳನ್ನೂ ಚೆನ್ನಾಗಿ ನೆನೆಸಿ. ಸೋಪು ಯಾಕೆಂದರೆ, ಅದಿದ್ದರೆ ನೀರು ನಾರಿನ ಒಳಕ್ಕೆ ಇಳಿಯುತ್ತದೆ. ಒಣ ಪೊರಕೆ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಚೂರುಗಳನ್ನೂ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಇನ್ನೊಂದು ಚೀಲದೊಳಗಿಟ್ಟು ಮೇಲೆ ಹೆಸರು ಬರೆಯಿರಿ. ಇಟ್ಟಿಗೆ ಚೂರಿನ ಜೊತೆ ಬೆರೆಸಬೇಡಿ. ಪರೀಕ್ಷೆಗೆ ತುಂಡು ಕಳಿಸುವುದಿದ್ದರೆ ಹೇಗೆ ಕಟ್ಟಿ ಕಳಿಸಬೇಕೆಂದು ಲ್ಯಾಬಿನವರನ್ನೇ ಕೇಳಿ. ಕಲ್ನಾರೆಂದು ಖಚಿತವಾದರೆ ವಿಲೇವಾರಿಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಳೀಯ ಕಚೇರಿಯನ್ನು ವಿಚಾರಿಸಿ.

ಮಾಸ್ಕ್ ವಿಚಾರ. ಕರ್ಚೀಫು, ಟವೆಲು, ಕೋವಿಡ್ ಕಾಲದ ನೀಲಿ ಸರ್ಜಿಕಲ್ ಮಾಸ್ಕ್, ಯಾವುದೂ ಇದಕ್ಕೆ ಆಗದು. ಕಲ್ನಾರಿನ ಕೆಲಸಕ್ಕೆ ಬಿಸಾಡುವ ಎನ್‌95 ಮಾದರಿಯ ಮಾಸ್ಕನ್ನೂ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಒಪ್ಪುವುದಿಲ್ಲ. ಅದಕ್ಕೇ ನಾವು ಹೇಳುವುದು, ಹಗ್ಗ ಕೀಳುವ ಕೆಲಸವನ್ನೇ ತಪ್ಪಿಸಲು ನೋಡಿ.

ಗೋಡೆಯೊಳಗೆ ಗಾರೆಯ ಕೆಳಗೆ ಮುಚ್ಚಿಹೋಗಿರುವ ಹಗ್ಗದಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ಒಡೆದಾಗ, ಗರಗಸ ಹಚ್ಚಿದಾಗ. ನಿಮ್ಮ ಮನೆಯಲ್ಲಿರುವ ಹಳೆಯ ಕಲ್ನಾರು ಶೀಟಿನ ಛಾವಣಿಗೂ ಇದೇ ಮಾತು ಸಲ್ಲುತ್ತದೆ. ತೂತು ಕೊರೆಯುವುದು, ಪಾಚಿ ಹೋಗಲೆಂದು ತಂತಿ ಬ್ರಷ್‌ನಲ್ಲಿ ಉಜ್ಜುವುದು, ಒಡೆದ ಚೂರನ್ನು ಪುಡಿ ಮಾಡಿ ಗುಂಡಿಗೆ ತುಂಬುವುದು, ಇವು ಬೇಡ.

ಮೈಸೂರಿನ ಆ ಮನೆಯಲ್ಲಿ ಮಹಡಿಯ ಮೇಲೆ ಇನ್ನೊಂದು ಬಚ್ಚಲುಮನೆ ಇತ್ತು, ಅದೇ ಕಾಲದ್ದು. ಅದರ ಗೋಡೆ ಒಡೆಸಲಿಲ್ಲ. ಹಳೆಯ ಜಿಐ ಲೈನಿನ ಎರಡೂ ತುದಿಗೆ ಡಮ್ಮಿ ಹಾಕಿಸಿ ಅದನ್ನು ಗೋಡೆಯೊಳಗೇ ಬಿಟ್ಟರು. ಹೊಸ ಸಿಪಿವಿಸಿ ಪೈಪು ಹೊರಗೋಡೆಯ ಮೇಲೆ, ಕಪ್ಪು ಫೋಮ್ ತೊಟ್ಟು, ಅಲ್ಯೂಮಿನಿಯಂ ಟೇಪ್ ಸುತ್ತಿಕೊಂಡು ಇಳಿದು ಬಂತು. 'ನೋಡೋಕೆ ಚೆನ್ನಾಗಿಲ್ಲ' ಎಂದು ಮನೆಯವರು ಈಗಲೂ ಗೊಣಗುತ್ತಾರೆ. ಪ್ಲಂಬರ್‌ಗೆ ಮಾತ್ರ ಅದರಿಂದ ಒಂದು ದಿನದ ಕೆಲಸ ಉಳಿಯಿತು.